ಕ್ಯೂರಿಂಗ್ ಕಾರ್ಖಾನೆಯ ಕೆಲಸದ ಒತ್ತಡವನ್ನು ಇಳಿಸಿಕೊಳ್ಳುವ ಬಗೆ

ಕೊಡಗಿನಲ್ಲಿ ಕಾರ್ಖಾನೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕುಶಾಲನಗರದ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶ ಮತ್ತು ಅಲ್ಲಿನ ಕಾಫಿ ಕ್ಯೂರಿಂಗ್ ಘಟಕಗಳು, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಗಳು. ದೇಶದ ಕಾಫಿಯ ಸುಮಾರು ಮೂರನೆಯ ಒಂದು ಪಾಲು ಈ ಪುಟ್ಟ ಜಿಲ್ಲೆಯಲ್ಲೇ ಬೆಳೆಯುತ್ತದೆ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಕೊಯ್ಲು ಏರುವುದರಿಂದ, ಹೊಸ ವರ್ಷ ಹುಟ್ಟಿದ ಮೇಲೆ ಹಲವು ತಿಂಗಳು ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಮತ್ತು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಮೂಟೆಗಳು ಈ ಘಟಕಗಳಿಗೆ ಬಂದು ಬೀಳುತ್ತಲೇ ಇರುತ್ತವೆ. ಕಲ್ಲು ತೆಗೆಯುವುದು, ಸಿಪ್ಪೆ ಬಿಡಿಸುವುದು, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು, ಕಪ್ಪು ಬೀಜ ಮತ್ತು ಒಡಕು ಬೀಜಗಳನ್ನು ಆರಿಸುವುದು, ಮೂಟೆ ಹೊಲಿದು ಲಾರಿಗೆ ಏರಿಸುವುದು, ಹೀಗೆ ಒಂದಕ್ಕೊಂದು ಪೋಣಿಸಿಕೊಂಡ ಕೆಲಸಗಳಲ್ಲಿ ಎಲ್ಲಿ ತಡವಾದರೂ ಅದರ ಭಾರ ಮುಂದಿನವರ ಮೇಲೆ ಬೀಳುತ್ತದೆ. ಈ ಬರಹವು ಅಂಥ ಘಟಕಗಳಲ್ಲಿ ದುಡಿಯುವವರಿಗೆ ಮತ್ತು ಅವರಿಂದ ಕೆಲಸ ಮಾಡಿಸುವ ಸೂಪರ್‌ವೈಸರ್‌ಗಳಿಗೆ ಉದ್ದೇಶಿಸಿದ್ದು. ಮರದ ಮಿಲ್ಲು, ಅಕ್ಕಿ ಗಿರಣಿಗಳಲ್ಲಿ ಇರುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ನಿದ್ದೆಗೆಟ್ಟು, ಸಿಡುಕಿ, ಸೋತು ಕುಳಿತವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎಂದರೆ ‘ಧೈರ್ಯ ತಂದುಕೋ’, ‘ಅಷ್ಟೆಲ್ಲ ಯೋಚನೆ ಮಾಡಬೇಡ’ ಎಂಬುದು. ಒತ್ತಡವನ್ನು ಅನುಭವಿಸುವುದು ಮನಸ್ಸೇ ಆದರೂ ಅದು ಹೆಚ್ಚಾಗಿ ಹುಟ್ಟುವುದು ಕೆಲಸದ ಏರ್ಪಾಟಿನಲ್ಲಿ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಅಲ್ಲಿ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ ಮಂಡಿಸಿದ ವಿಚಾರ ಇಂದಿಗೂ ಈ ಕ್ಷೇತ್ರದ ತಳಹದಿಯಾಗಿದೆ: ಕೆಲಸದ ಹೊರೆ ಹೆಚ್ಚಾಗಿದ್ದು, ಅದನ್ನು ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ಮಾಡಬೇಕೆಂದು ತೀರ್ಮಾನಿಸುವ ಅವಕಾಶ ಮಾಡುವವರಿಗೆ ಕಡಿಮೆಯಾಗಿದ್ದಾಗ ಮನುಷ್ಯ ಹೆಚ್ಚು ನಲುಗುತ್ತಾನೆ. ಬೆಲ್ಟಿನ ಮುಂದೆ ಕುಳಿತು ಬೀಜ ಆರಿಸುವ ಹೆಂಗಸಿನ ಸ್ಥಿತಿ ಸರಿಯಾಗಿ ಇದೇ ಆಗಿದೆ. ಬೆಲ್ಟಿನ ವೇಗವನ್ನು ಬೇರೆಯವರು ನಿಗದಿ ಮಾಡುತ್ತಾರೆ, ಒಂದು ಕಪ್ಪು ಬೀಜ ತಪ್ಪಿಸಿಕೊಂಡು ಹೋದರೆ ಮಾತು ಕೇಳಬೇಕಾದವರು ಆರಿಸುವವರು. 1996ರಲ್ಲಿ ಯೋಹಾನ್ಸ್ ಜೀಗ್ರಿಸ್ಟ್ ಎಂಬ ಇನ್ನೊಬ್ಬ ಸಮಾಜವಿಜ್ಞಾನಿ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದರು. ಹಾಕಿದ ದುಡಿಮೆಗೆ ತಕ್ಕ ಸಂಬಳ, ಗೌರವ ಮತ್ತು ಕೆಲಸದ ಭದ್ರತೆ ಮರಳಿ ಬಾರದಿದ್ದಾಗಲೂ ಶರೀರ ಅದನ್ನು ಒತ್ತಡವಾಗಿಯೇ ಅನುಭವಿಸುತ್ತದೆ.

ಶರೀರ ಕೊಡುವ ಸೂಚನೆಗಳು

ಕಾರ್ಖಾನೆಯಲ್ಲಿ ದುಡಿಯುವವರು ‘ನನಗೆ ಒತ್ತಡವಾಗಿದೆ’ ಎಂದು ಹೇಳುವುದು ಅಪರೂಪ. ಅವರು ಹೇಳುವುದು ಗ್ಯಾಸ್ಟ್ರಿಕ್, ತಲೆನೋವು, ಕುತ್ತಿಗೆ ಹಿಡಿತ, ಎದೆ ಡವಡವ ಎಂದು. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯಿಂದ ಎರಡು ದಿನ ಸುಮ್ಮನಾಗಿ, ಮತ್ತೆ ಕೆಲಸ ಏರಿದಾಗ ಅದೇ ತೊಂದರೆ ಮರುಕಳಿಸಿದರೆ ಅದನ್ನು ಗಮನಿಸಬೇಕು. ದಣಿದಿದ್ದರೂ ನಿದ್ದೆ ಬಾರದಿರುವುದು, ಬೆಳಿಗ್ಗೆ ಗೇಟು ಕಾಣುತ್ತಲೇ ಹೊಟ್ಟೆ ತೊಳೆಸುವುದು, ಕೈತಪ್ಪಿ ಆಗುವ ತಪ್ಪುಗಳು ಹೆಚ್ಚುವುದು, ಮಕ್ಕಳ ಮೇಲೆ ವಿನಾಕಾರಣ ರೇಗುವುದು, ಸಂಜೆಯ ಕುಡಿತ ದಿನದಿನಕ್ಕೆ ಏರುವುದು ಇವೆಲ್ಲವೂ ಸೂಚನೆಗಳೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಪೂರ್ತಿ ಬಸವಳಿಯುವ ಸ್ಥಿತಿಯನ್ನು ವಿವರಿಸುವಾಗ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿಹೋದಂಥ ದಣಿವು, ಕೆಲಸದ ಬಗ್ಗೆ ಬೇಸರ ಮತ್ತು ದೂರವಾದ ಭಾವನೆ, ಹಾಗೂ ತನ್ನಿಂದ ಕೆಲಸ ಸರಿಯಾಗಿ ಆಗುತ್ತಿಲ್ಲವೆಂಬ ಅನಿಸಿಕೆ. ಈ ಮೂರೂ ಒಟ್ಟಿಗೆ ಹಲವು ವಾರ ಉಳಿದರೆ ಅದು ಒಂದು ದಿನದ ರಜೆಯಿಂದ ಹೋಗುವ ದಣಿವಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಎದೆನೋವು ಎಡತೋಳಿಗೆ ಅಥವಾ ದವಡೆಗೆ ಹರಡಿದರೆ, ಬೆವರು ಸುರಿದರೆ, ಉಸಿರು ಕಟ್ಟಿದರೆ ಅದನ್ನು ಒತ್ತಡವೆಂದೋ ಗ್ಯಾಸ್ಟ್ರಿಕ್ ಎಂದೋ ಬಗೆಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಮತ್ತು ಹೃದಯಕ್ಕೆ ರಕ್ತ ಸಾಲದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಸೀಸನ್ನಿನಲ್ಲಿ ನಿಮ್ಮ ವಾರದ ಗಂಟೆಗಳನ್ನು ಕೂಡಿಸಿ ನೋಡಿದರೆ ಈ ಅಂಕಿ ದೂರದ್ದು ಎನ್ನಿಸುವುದಿಲ್ಲ.

ಎರಡು ವಾರ ಬರೆದಿಡಿ

ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳೇ ಸಾಕು. ಪ್ರತಿದಿನ ಗೇಟಿನೊಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟಕ್ಕೆ ನಿಜವಾಗಿ ಸಿಕ್ಕ ನಿಮಿಷಗಳು, ಮನೆ ತಲುಪಿದ ಹೊತ್ತು ಮತ್ತು ಮಲಗಿದ ಗಂಟೆಗಳನ್ನು ಬರೆಯಿರಿ. ಅದರ ಕೆಳಗೆ ಆ ದಿನ ಅತಿ ಹೆಚ್ಚು ಕಷ್ಟವಾದ ಒಂದು ಸಂಗತಿಯನ್ನು, ಅದು ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಆಯಿತು ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ. ‘ಮನಸ್ಸು ಸರಿಯಿರಲಿಲ್ಲ’ ಎಂದಲ್ಲ; ‘ಮಧ್ಯಾಹ್ನ 3 ಗಂಟೆಗೆ ಎರಡು ಲಾರಿ ಒಟ್ಟಿಗೆ ಬಂದವು, ನಾಲ್ವರಿರಬೇಕಾದ ಕಡೆ ಇಬ್ಬರಿದ್ದೆವು’ ಎಂದು ಬರೆಯಬೇಕು. ಓದು ಬರಹ ಬಾರದವರು ಮಗಳಿಂದಲೋ ಮಗನಿಂದಲೋ ಬರೆಸಬಹುದು, ಇಲ್ಲವೇ ಫೋನಿನಲ್ಲಿ ಮಾತಾಡಿ ಧ್ವನಿಯನ್ನು ಉಳಿಸಿಕೊಳ್ಳಬಹುದು.

ಎರಡು ವಾರದ ಕೊನೆಗೆ ಓದಿದಾಗ, ಎಲ್ಲವೂ ಕಲಸಿಹೋದಂತೆ ಕಾಣುತ್ತಿದ್ದ ಕಷ್ಟ ಬೇರೆ ಬೇರೆಯಾಗಿ ಕಾಣಿಸುತ್ತದೆ. ಕೆಲವರ ಪುಸ್ತಕದಲ್ಲಿ ಗಂಟೆಗಳೇ ಮುಖ್ಯ ತೊಂದರೆಯಾಗಿರುತ್ತವೆ, ಕೆಲವರಲ್ಲಿ ಒಬ್ಬನೇ ವ್ಯಕ್ತಿಯ ಬೈಗುಳ. ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರ್ ಪಕ್ಕದಲ್ಲಿ ನಿಲ್ಲುವವರಿಗೆ ಸದ್ದು ಮತ್ತು ಸಿಪ್ಪೆಯ ದೂಳೇ ತಲೆನೋವಿನ ಮೂಲವಾಗಿರಬಹುದು. ಒಂದು ತೋಳಿನಷ್ಟು ದೂರದಲ್ಲಿ ನಿಂತವರೊಂದಿಗೆ ಮಾತಾಡಲು ದನಿ ಏರಿಸಬೇಕಾದರೆ ಅಲ್ಲಿನ ಸದ್ದು ಕಿವಿಗೆ ಹಾನಿ ಮಾಡುವ ಮಟ್ಟದಲ್ಲಿದೆ ಎಂದು ತಿಳಿಯಬೇಕು, ಮತ್ತು ಅಲ್ಲಿಗೆ ಕಿವಿಗೆ ಇಟ್ಟುಕೊಳ್ಳುವ ಪ್ಲಗ್ಗು, ಮೂಗಿಗೆ ಮಾಸ್ಕು ಕೊಡಬೇಕಾದದ್ದು ಕಾರ್ಖಾನೆಯ ಹೊಣೆ. ಇನ್ನು ಕೆಲವರ ಪುಸ್ತಕದಲ್ಲಿ ಕಾರ್ಖಾನೆಯ ಒಳಗಿನದ್ದಕ್ಕಿಂತ ಹೊರಗಿನದೇ ಹೆಚ್ಚು ಇರುತ್ತದೆ. ರಾತ್ರಿ ಪಾಳಿ ಮುಗಿಸಿ ನಂಜರಾಯಪಟ್ಟಣ, ವಾಲ್ನೂರು, ಸಿದ್ದಾಪುರದ ಕಡೆಗೆ ಬೈಕಿನಲ್ಲಿ ಹೊರಟವರಿಗೆ ತಿರುವಿನಲ್ಲಿ ಆನೆ ನಿಂತಿರಬಹುದೆಂಬ ಭಯ ಪಾಳಿಯ ಕೊನೆಯ ಎರಡು ಗಂಟೆಯಿಂದಲೇ ಶುರುವಾಗುತ್ತದೆ. ಅದನ್ನು ಮನೆಯ ವಿಷಯವೆಂದು ಬಿಡಬಾರದು. ಪಾಳಿ ಮುಗಿಯುವ ಹೊತ್ತನ್ನು ಗೊತ್ತುಮಾಡುವವರು ಕಾರ್ಖಾನೆಯವರಾದ್ದರಿಂದ ಅದೂ ಕೆಲಸದ ಒತ್ತಡವೇ.

ಮಳೆಗಾಲದ ಒತ್ತಡ ಇನ್ನೊಂದು ಬಗೆಯದು. ಜೂನ್ ಹಿಡಿದ ಮೇಲೆ ಕೆಲಸ ತಗ್ಗಿ ಗುತ್ತಿಗೆಯವರಿಗೆ ದಿನಗಳು ಕಡಿಮೆಯಾಗುತ್ತವೆ, ತೆಗೆದುಕೊಂಡ ಮುಂಗಡ ಮಾತ್ರ ಹಾಗೇ ಉಳಿಯುತ್ತದೆ. 2018ರ ಆಗಸ್ಟ್‌ನ ಭೂಕುಸಿತವನ್ನು, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ ಕಾವೇರಿಯನ್ನು ಕಂಡವರಿಗೆ ಜೋರು ಮಳೆಯ ರಾತ್ರಿ ನಿದ್ದೆ ಹತ್ತದಿರುವುದು ಸಹಜ. ಅಂಥವರು ಮರುದಿನ ಯಂತ್ರದ ಮುಂದೆ ತೂಕಡಿಸಿದರೆ ಸೂಪರ್‌ವೈಸರ್ ಆದವರು ಮೊದಲು ರಾತ್ರಿ ಏನಾಯಿತೆಂದು ಕೇಳಬೇಕು.

ಕಾನೂನಿನಿಂದ ಸಿಗುವುದನ್ನು ತಿಳಿದುಕೊಳ್ಳಿ

ಬರೆದಿಟ್ಟ ಪುಸ್ತಕವನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡುವುದು ಮುಂದಿನ ಹೆಜ್ಜೆ. ವಾರಕ್ಕೆ 48 ಗಂಟೆಯ ಮಿತಿ, ಏಳು ದಿನಕ್ಕೊಂದು ರಜೆ, ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ದರದ ಕೂಲಿ, ದುಡಿದ 20 ದಿನಗಳಿಗೆ ಒಂದರಂತೆ ಸಂಬಳಸಹಿತ ರಜೆ ಇವು 1948ರ ಕಾರ್ಖಾನೆಗಳ ಕಾಯ್ದೆಯಲ್ಲೂ ಇದ್ದವು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇವೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕರ ಮೇಲೆ ಬೀಳುತ್ತದೆ. ಸಂಜೆ 7ರ ನಂತರ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಅವರ ಒಪ್ಪಿಗೆ ಬೇಕು, ಅವರ ಸುರಕ್ಷತೆಯ ಏರ್ಪಾಟೂ ಇರಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಮತ್ತು ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಷ್ಟೇ ಸಂಖ್ಯೆಯಲ್ಲಿರಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ದೂರು ಕೊಡುವುದು ನಿಯಮ.

ಹಾಡಿಗಳಿಂದ ಬರುವ ಯರವ, ಜೇನುಕುರುಬ ಸಮುದಾಯದವರಿಗೆ ಮತ್ತು ಅಸ್ಸಾಂ ಕಡೆಯಿಂದ ಬಂದವರಿಗೆ ಈ ವಿಷಯಗಳು ತಲುಪುವುದೇ ಇಲ್ಲ. ತಿಳಿದವರು ತಿಳಿಸಬೇಕು. ಕಾರ್ಖಾನೆಯಲ್ಲಿ ದುಡಿಯುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರ ನೆರವಿಗೆ ಅರ್ಹರು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.

ಕೇಳುವ ರೀತಿ

ನೇರವಾಗಿ ದೂರಿಗೆ ಹೋಗುವ ಮೊದಲು ಒಮ್ಮೆ ಮಾತಾಡಿ ನೋಡುವುದು ಹೆಚ್ಚಿನ ಸಂದರ್ಭಗಳಲ್ಲಿ ಒಳ್ಳೆಯದು. ಲಾರಿ ಬಂದು ನಿಂತ ಹೊತ್ತಿನಲ್ಲಿ, ಎಲ್ಲರೆದುರು, ಸಿಟ್ಟು ಏರಿದಾಗ ಮಾತೆತ್ತಬೇಡಿ. ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಕೇಳಿ ಪಡೆದುಕೊಳ್ಳಿ, ಪುಸ್ತಕ ಕೈಯಲ್ಲಿರಲಿ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಿ. ‘ಸರ್, ನಮಗೆ ತುಂಬಾ ಕಷ್ಟ ಆಗ್ತಿದೆ’ ಎಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಸರ್, ಕಳೆದ ಎರಡು ವಾರದಲ್ಲಿ ಐದು ದಿನ ಮಧ್ಯಾಹ್ನದ ಊಟಕ್ಕೆ ಹದಿನೈದೇ ನಿಮಿಷ ಸಿಕ್ಕಿದೆ, ಬರೆದಿಟ್ಟಿದ್ದೇನೆ. ಲಾರಿ ಬಂದರೂ ನಮ್ಮಲ್ಲಿ ಅರ್ಧ ಜನ ಊಟ ಮುಗಿಸಿ ಬರುವ ಹಾಗೆ ಮಾಡಿ ಕೊಡಿ’ ಎಂದರೆ ಒಪ್ಪುವುದಕ್ಕೂ, ನಿರಾಕರಿಸಿದರೆ ಕಾರಣ ಹೇಳುವುದಕ್ಕೂ ಒಂದು ಗಟ್ಟಿಯಾದ ವಿಷಯ ಸಿಗುತ್ತದೆ. ಒಬ್ಬರೇ ಹೋಗಲು ಅಳುಕಿದ್ದರೆ ಇಬ್ಬರು ಮೂವರು ಒಟ್ಟಿಗೆ ಹೋಗಿ. ಒಪ್ಪಿದ ಮಾತನ್ನು ಅದೇ ಸಂಜೆ ತಾರೀಕು ಸಹಿತ ಬರೆದಿಡಿ. ಮೂರು ವಾರವಾದರೂ ಏನೂ ಬದಲಾಗದಿದ್ದರೆ ಕುಂದುಕೊರತೆ ಸಮಿತಿಗೆ ಲಿಖಿತ ಅರ್ಜಿ ಕೊಡಿ, ಅಲ್ಲೂ ಆಗದಿದ್ದರೆ ಕಾರ್ಮಿಕ ಇಲಾಖೆಯ ಮಡಿಕೇರಿ ಕಚೇರಿಗೆ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಒಂದು ಪ್ರತಿ ನಿಮ್ಮಲ್ಲಿರಲಿ.

ರಜೆಯನ್ನೂ ಮೊದಲೇ ಕೇಳಿ. ಹುತ್ತರಿ ಬರುವುದು ಅರೇಬಿಕಾ ಕೊಯ್ಲಿನ ಹೊತ್ತಿಗೆ, ಕೈಲ್‌ಪೊಳ್ದ್ ಬರುವುದು ಮಳೆ ತಗ್ಗುವ ಹೊತ್ತಿಗೆ, ತುಲಾ ಸಂಕ್ರಮಣ ಅಕ್ಟೋಬರಿನಲ್ಲಿ. ಈ ದಿನಗಳು ಎಲ್ಲರಿಗೂ ಗೊತ್ತಿರುವುದರಿಂದ ಯಾರು ಯಾವ ಹಬ್ಬಕ್ಕೆ ಹೋಗುತ್ತಾರೆಂದು ತಿಂಗಳ ಮುಂಚೆ ಪಟ್ಟಿ ಮಾಡಿಕೊಳ್ಳುವ ಘಟಕದಲ್ಲಿ ಹಬ್ಬದ ಹಿಂದಿನ ದಿನದ ಜಗಳ ಇರುವುದಿಲ್ಲ.

ನಿದ್ದೆ, ಕಾಫಿ, ಕುಡಿತ

ರಾತ್ರಿ ಪಾಳಿಯವರು ಹಗಲಿನಲ್ಲಿ ಏಳು ಗಂಟೆಯಷ್ಟಾದರೂ ಮಲಗಬೇಕು. ಅದು ತಾನಾಗಿ ಆಗುವುದಿಲ್ಲ, ಮನೆಯವರೆಲ್ಲ ಸೇರಿ ಆಗಮಾಡಬೇಕು: ಕಿಟಕಿಗೆ ದಪ್ಪ ಕಂಬಳಿಯೋ ಕಪ್ಪು ಬಟ್ಟೆಯೋ ಕಟ್ಟಿ ಕೋಣೆಯನ್ನು ಕತ್ತಲಾಗಿಸುವುದು, ಫೋನನ್ನು ಬೇರೆ ಕೋಣೆಯಲ್ಲಿಡುವುದು, ಆ ಹೊತ್ತಿನಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಎಬ್ಬಿಸದಿರುವುದು. ಬೆಳಗಿನ ಜಾವ ಮೂರರಿಂದ ಐದರವರೆಗೆ ಶರೀರದ ಎಚ್ಚರ ಅತಿ ಕಡಿಮೆ ಇರುತ್ತದೆ. ಆದ್ದರಿಂದ ಕೈ ಸಿಕ್ಕುವ ಅಪಾಯವಿರುವ ಯಂತ್ರವನ್ನು ಬಿಚ್ಚಿ ತೊಳೆಯುವಂಥ ಕೆಲಸವನ್ನು ಆ ಹೊತ್ತಿಗೆ ಇಡಬಾರದು. ಪಾಳಿ ಬದಲಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸಾಗಿದರೆ ಶರೀರ ಸುಲಭವಾಗಿ ಒಗ್ಗುತ್ತದೆ. ಹಿಂದಕ್ಕೆ ಸಾಗಿದರೆ, ಅಂದರೆ ರಾತ್ರಿಯಿಂದ ಮಧ್ಯಾಹ್ನಕ್ಕೆ ಬಂದರೆ, ನಿದ್ದೆ ಹೆಚ್ಚು ಕೆಡುತ್ತದೆ.

ಕಾಫಿ ನಮ್ಮ ಅನ್ನ ಹೌದು, ಆದರೆ ಒಂದು ಲೋಟದಲ್ಲಿನ ಕೆಫೀನ್ (ನಿದ್ದೆ ತಡೆಯುವ ಅಂಶ) ಶರೀರದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಮತ್ತು ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಮಲಗುವ ಹೊತ್ತಿಗೆ ಆರು ಗಂಟೆ ಮೊದಲೇ ಕೊನೆಯ ಲೋಟ ಮುಗಿದಿರಲಿ. ಕುಡಿತದ ವಿಷಯದಲ್ಲಿ ನನ್ನ ಮಾತು ಖಚಿತ: ಅದು ನಿದ್ದೆಯನ್ನು ಬೇಗ ತರಿಸಿ ಅರ್ಧ ರಾತ್ರಿಗೆ ಒಡೆಯುತ್ತದೆ, ಮರುದಿನದ ಆತಂಕವನ್ನು ಹೆಚ್ಚಿಸುತ್ತದೆ. ಆದರೆ ವರ್ಷಗಟ್ಟಲೆ ಪ್ರತಿದಿನ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ನೆರವಿನಿಂದಲೇ ಬಿಡಬೇಕು.

ಉಸಿರಾಟದ ಅಭ್ಯಾಸ, ಯೋಗ, ನಡಿಗೆ ಒಳ್ಳೆಯವೇ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನವಾಗಿ ಬಿಡುವುದನ್ನು ಐದು ನಿಮಿಷ ಮಾಡಿದರೆ ಎದೆಬಡಿತ ತಗ್ಗುತ್ತದೆ. ಆದರೆ ವರ್ಷಕ್ಕೊಮ್ಮೆ ಶಿಬಿರ ನಡೆಸಿ, ಪಾಳಿಯ ಪಟ್ಟಿಯನ್ನು ಮುಟ್ಟದೆ ಬಿಟ್ಟರೆ ಅದರಿಂದ ಹೆಚ್ಚೇನೂ ಆಗದು.

ಸೂಪರ್‌ವೈಸರ್ ಮತ್ತು ಮಾಲೀಕರಿಗೆ

ನೀವೂ ಮೇಲಿನವರ ಗಡುವಿಗೂ ಕೆಳಗಿನವರ ದಣಿವಿಗೂ ನಡುವೆ ಸಿಕ್ಕಿಕೊಂಡವರು ಎಂಬುದು ತಿಳಿದ ಮಾತೇ. ಆದರೂ ಹಣ ಖರ್ಚಾಗದ ಕೆಲವು ಕೆಲಸಗಳು ನಿಮ್ಮ ಕೈಯಲ್ಲೇ ಇವೆ. ನಾಳೆ ಎಷ್ಟು ಲಾರಿ ಬರುತ್ತವೆ, ಓ.ಟಿ. (ಹೆಚ್ಚುವರಿ ಗಂಟೆಗಳ ಕೆಲಸ) ಇದೆಯೋ ಇಲ್ಲವೋ ಎಂಬುದನ್ನು ಹಿಂದಿನ ದಿನವೇ ಬೋರ್ಡಿನಲ್ಲಿ ಬರೆಯಿರಿ. ಮಗುವನ್ನು ಅಂಗನವಾಡಿಯ ಪಕ್ಕದ ಮನೆಯಲ್ಲಿ ಬಿಟ್ಟು ಬಂದವರಿಗೆ ಸಂಜೆ ಆರು ಗಂಟೆಗೆ ‘ಇವತ್ತು ಇನ್ನೆರಡು ಗಂಟೆ’ ಎಂಬ ಮಾತು ಕೊಡುವ ಆತಂಕ ಆ ಎರಡು ಗಂಟೆಯ ದುಡಿಮೆಗಿಂತ ದೊಡ್ಡದು. ಬೀಜ ಆರಿಸುವವರಿಗೆ ಒಂದೂವರೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕಣ್ಣಿಗೂ ಕುತ್ತಿಗೆಗೂ ಬಿಡುವು ಕೊಟ್ಟು, ಬೆಲ್ಟಿನ ವೇಗವನ್ನು ಅವರೊಂದಿಗೆ ಮಾತಾಡಿ ನಿಗದಿ ಮಾಡಿ. ತಪ್ಪನ್ನು ತಿದ್ದುವಾಗ ಬೀಜವನ್ನು ತೋರಿಸಿ ಮಾತಾಡಿ, ಮನುಷ್ಯರನ್ನು ತೋರಿಸಿ ಅಲ್ಲ. ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕೂಗುವ ಬದಲು ಅಕ್ಕ ಎಂದು ಕರೆದರೆ ಅವರಿಗೂ ನಿಮಗೂ ಒಳ್ಳೆಯದು. ಮಾಲೀಕರು ಮಾಡಬೇಕಾದ ಖರ್ಚಿನ ಕೆಲಸಗಳಲ್ಲಿ ಮೊದಲನೆಯದು ಕತ್ತಲಾದ ಮೇಲೆ ಪಾಳಿ ಮುಗಿಸುವವರಿಗೆ ಜೀಪು ಅಥವಾ ವ್ಯಾನಿನ ಏರ್ಪಾಟು.

ವೈದ್ಯರ ಬಳಿಗೆ

ನಿದ್ದೆ, ಊಟ, ಕೆಲಸ ಮೂರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ ಕಾಯಬೇಡಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಬೇರೆ ಹಲವು ಭಾಷೆಗಳಲ್ಲೂ ಮಾತಾಡಬಹುದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಬಹುದು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ, ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ, ಅರ್ಹತೆಯ ಷರತ್ತುಗಳಿಗೆ ಒಳಪಟ್ಟು ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ‘ಕಾರ್ಖಾನೆಯವರಿಗೆ ಗೊತ್ತಾದರೆ’ ಎಂಬ ಅಂಜಿಕೆಯಿಂದ ಹಿಂಜರಿಯುವವರು ತಿಳಿಯಬೇಕಾದದ್ದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಮಾಲೀಕರು ಕೇಳಿದರೆಂದು ವೈದ್ಯರು ಅದನ್ನು ಹೇಳುವಂತಿಲ್ಲ.

ಜೊತೆಗೆ ದುಡಿಯುವವರು ಯಾರಾದರೂ ‘ಇನ್ನು ಬದುಕಿ ಏನು’ ಎಂಬಂತೆ ಮಾತಾಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅವರ ಎದುರಲ್ಲೇ 14416ಕ್ಕೆ ಕರೆ ಮಾಡಿ, ಪರಿಸ್ಥಿತಿ ತುರ್ತಾಗಿದ್ದರೆ 112ಕ್ಕೆ ಕರೆ ಮಾಡಿ. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು, ತೋಟಕ್ಕೆ ಸಿಂಪಡಿಸುವ ಔಷಧ ಇರುವುದು ಸಾಮಾನ್ಯವಾದ್ದರಿಂದ, ಅವರ ಮನೆಯವರಿಗೆ ವಿಷಯ ತಿಳಿಸಿ ಎರಡನ್ನೂ ಅದೇ ದಿನ ನಂಬಿಕೆಯ ನೆಂಟರ ಮನೆಗೆ ಸಾಗಿಸಿ.

ಮಾತ್ರೆ ಶುರುವಾದವರಿಗೆ ಗುಣ ಕಾಣಲು ಹಲವು ವಾರ ಹಿಡಿಯುತ್ತದೆ. ಸ್ವಲ್ಪ ಹಗುರವೆನಿಸಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕೆಲವು ಮಾತ್ರೆಗಳು ಮಂಪರು ತರುವುದರಿಂದ, ಹಲ್ಲರ್, ಜರಡಿ, ಕನ್ವೇಯರ್ ಮುಂದೆ ನಿಲ್ಲುವವರು ಅಥವಾ ವಾಹನ ಓಡಿಸುವವರು ತಮ್ಮ ಕೆಲಸ ಏನೆಂದು ವೈದ್ಯರಿಗೆ ಮೊದಲೇ ವಿವರಿಸಬೇಕು. ರಜೆ ಮುಗಿಸಿ ಬಂದವರನ್ನು ಮೊದಲ ಕೆಲವು ವಾರ ಹಗಲು ಪಾಳಿಯಲ್ಲೇ ಇರಿಸಿ, ಓ.ಟಿ. ಕೊಡದೆ, ತೂಕದ ಕಾಟಾ ಅಥವಾ ಮೂಟೆಗೆ ಗುರುತು ಬರೆಯುವಂಥ ಕೆಲಸದಿಂದ ಶುರುಮಾಡಿಸಬೇಕು. ವಾರದ ಕೊನೆಗೊಮ್ಮೆ ಸೂಪರ್‌ವೈಸರ್ ಪಕ್ಕಕ್ಕೆ ಕರೆದು ಈ ಕೆಲಸ ಆಗುತ್ತಿದೆಯೇ, ಯಾವುದು ಇನ್ನೂ ಭಾರವಾಗುತ್ತಿದೆ ಎಂದು ಕೇಳಿ, ಅವರ ಉತ್ತರಕ್ಕೆ ತಕ್ಕಂತೆ ಮುಂದಿನ ವಾರದ ಪಾಳಿಯ ಪಟ್ಟಿಯನ್ನು ಬರೆಯಬೇಕು.